ಬೇಸಗೆಯ ಊರು, ಚಳಿಗಾಲದ ಊರು

ಹಿಮದ ಬೆಟ್ಟವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣಮುಂದೆ ಬರುವುದು ಒಂದೇ ಚಿತ್ರ. ಸುತ್ತಲಿನ ಬೆಟ್ಟಗಳಿಂದ ಬೇರೆಯಾಗಿ, ನಾಲ್ಕು ಮುಖವಾಗಿ ಮೇಲೆದ್ದು, ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಓರೆಯಾಗಿ ಬಾಗಿದ ಒಂಟಿ ಶಿಖರ. ಗೋಡೆಯ ಕ್ಯಾಲೆಂಡರುಗಳಲ್ಲಿ ಅದನ್ನು ಕಂಡಿದ್ದೇವೆ. ೨೦೨೩ರವರೆಗೆ ಟೋಬ್ಲೆರೋನ್ ಎಂಬ ಚಾಕೊಲೇಟಿನ ಹೊದಿಕೆಯ ಮೇಲೂ ಅದೇ ಇತ್ತು. ಅದರ ಹೆಸರು ಮ್ಯಾಟರ್‌ಹಾರ್ನ್. ಎತ್ತರ ೪,೪೭೮ ಮೀಟರು. ಸ್ವಿಟ್ಜರ್ಲೆಂಡಿಗೂ ಇಟಲಿಗೂ ನಡುವಣ ಗಡಿಯ ಮೇಲೆ ಅದು ನಿಂತಿದೆ. ಅದರ ಬುಡದಲ್ಲಿ, ಸ್ವಿಸ್ ಮಗ್ಗುಲಲ್ಲಿರುವ ಊರು ಜರ್ಮಾಟ್. ಆ ಊರನ್ನು ಈ ಸಂಚಿಕೆಯಲ್ಲಿ ಬೇಸಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ನೋಡಿಬರೋಣ.

ಹಣವಂತರ ವಿಹಾರಸ್ಥಳದಿಂದ ನಮಗೇನಾಗಬೇಕು ಎಂದು ವಾಚಕರು ಕೇಳಬಹುದು. ಆ ಊರಿನ ಹೋಟೆಲುಗಳಲ್ಲಿ, ಅಡುಗೆಮನೆಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿದವರೂ ದುಡಿಯುತ್ತಿರುವವರೂ ಬಹುಮಂದಿ ನಮ್ಮ ಹಾಗೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಅವರ ಕಥೆಯೂ ಈ ಬರಹದೊಳಗೆ ಬರುತ್ತದೆ.

ಊರಿಗೆ ಹೋಗುವ ದಾರಿ

ಸ್ವಿಟ್ಜರ್ಲೆಂಡಿನ ತೆಂಕಣ ಭಾಗದಲ್ಲಿ ವಾಲೆ ಎಂಬ ಪ್ರಾಂತವಿದೆ. ರೋನ್ ನದಿಯ ಕಣಿವೆಯಲ್ಲಿರುವ ವಿಸ್ಪ್ ಎಂಬ ಪೇಟೆಯಿಂದ ದಕ್ಷಿಣಕ್ಕೆ ತಿರುಗಿ, ಇಕ್ಕಟ್ಟಾದ ಕಣಿವೆಯೊಂದನ್ನು ಹಿಡಿದು ಸುಮಾರು ೩೫ ಕಿಲೋಮೀಟರು ಏರಿದರೆ ಜರ್ಮಾಟ್ ಸಿಕ್ಕುತ್ತದೆ. ವಿಸ್ಪ್ ಸಮುದ್ರಮಟ್ಟದಿಂದ ಸುಮಾರು ೬೫೦ ಮೀಟರು ಎತ್ತರದಲ್ಲಿದೆ. ಜರ್ಮಾಟ್ ಸುಮಾರು ೧,೬೦೦ ಮೀಟರು. ಈ ಏರನ್ನು ಸಣ್ಣ ಹಳಿಯ ರೈಲು ಒಂದು ಗಂಟೆಗೆ ತುಸು ಹೆಚ್ಚು ಹೊತ್ತಿನಲ್ಲಿ ಏರಿಬಿಡುತ್ತದೆ. ಕಡಿದಾದ ಕಡೆಗಳಲ್ಲಿ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಇನ್ನೊಂದು ಕಂಬಿ ಹಾಸಿದ್ದಾರೆ. ಎಂಜಿನ್ನಿನ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರನು ರೂಪಿಸಿದ ಏರ್ಪಾಟು ಇದು. ನಮ್ಮ ಮದರಾಸಿನ ಮಿತ್ರರಿಗೆ ಇದು ಹೊಸದಲ್ಲ. ಮೇಟ್ಟುಪಾಳಯದಿಂದ ಕೂನೂರಿಗೆ ಏರುವ ನೀಲಗಿರಿ ರೈಲೂ ಇದೇ ಆಬ್ಟ್ ಪದ್ಧತಿಯದು. ಅದರ ಹಳೆಯ ಎಂಜಿನ್ನುಗಳು ತಯಾರಾಗಿ ಬಂದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಿಂದಲೇ.

ಜರ್ಮಾಟಿಗೆ ರೈಲು ಬಂದದ್ದು ೧೮೯೧ರಲ್ಲಿ. ಪೆಟ್ರೋಲು ಕಾರುಗಳಿಗೆ ಊರೊಳಗೆ ಇಂದಿಗೂ ಪ್ರವೇಶವಿಲ್ಲ. ಕಾರಿನಲ್ಲಿ ಬಂದವರು ಐದು ಕಿಲೋಮೀಟರು ಕೆಳಗಿನ ತೇಶ್ ಎಂಬ ಹಳ್ಳಿಯಲ್ಲಿ ಅದನ್ನು ನಿಲ್ಲಿಸಿ ರೈಲು ಹತ್ತಬೇಕು. ಊರಿನೊಳಗೆ ಓಡಾಡುವುದು ವಿದ್ಯುತ್ತಿನ ಪುಟ್ಟ ಗಾಡಿಗಳು, ಒಂದಿಷ್ಟು ಕುದುರೆಗಾಡಿಗಳು, ಮತ್ತೆ ಕಾಲುನಡಿಗೆಯವರು. ಮುಂಬಯಿಯ ವಾಚಕರು ಮಾಥೇರಾನನ್ನು ನೆನೆದುಕೊಂಡರೆ ಸಾಕು. ಅಲ್ಲಿಯೂ ಪುಟಾಣಿ ರೈಲು, ಅಲ್ಲಿಯೂ ಮೋಟಾರಿಗೆ ತಡೆ.

ಅಷ್ಟೊಂದು ಚಳಿ ಏಕೆ?

ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು ೧,೯೩೦ ಮೀಟರು. ಅಂದರೆ ಜರ್ಮಾಟ್ ಊರು ಮುಳ್ಳಯ್ಯನಗಿರಿಯ ನೆತ್ತಿಗಿಂತ ಕೆಳಗಿದೆ. ಹಾಗಿದ್ದೂ ಅಲ್ಲಿ ತಿಂಗಳುಗಟ್ಟಲೆ ಹಿಮ ಬಿದ್ದಿರುತ್ತದೆ, ಇಲ್ಲಿ ಮಂಜು ಮುಸುಕುವುದಷ್ಟೆ. ಕಾರಣ ಅಕ್ಷಾಂಶ. ಮುಳ್ಳಯ್ಯನಗಿರಿ ಭೂಮಧ್ಯರೇಖೆಯಿಂದ ೧೩ ಡಿಗ್ರಿ ಉತ್ತರಕ್ಕಿದೆ. ಜರ್ಮಾಟ್ ೪೬ ಡಿಗ್ರಿ ಉತ್ತರಕ್ಕಿದೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯನು ಆಕಾಶದಲ್ಲಿ ಬಹಳ ಕೆಳಗೆ ಸಾಗುತ್ತಾನೆ, ಹಗಲೂ ಮೊಟಕು. ಇದರ ಮೇಲೆ ಎತ್ತರದ ಲೆಕ್ಕವೂ ಕೂಡುತ್ತದೆ. ಸಾವಿರ ಮೀಟರು ಏರಿದಂತೆಲ್ಲ ಗಾಳಿಯ ಶಾಖ ಸಾಮಾನ್ಯವಾಗಿ ಆರೇಳು ಡಿಗ್ರಿ ಇಳಿಯುತ್ತದೆ. ಜನವರಿಯ ರಾತ್ರಿಗಳಲ್ಲಿ ಶಾಖವು ಸೊನ್ನೆಗಿಂತ ಎಂಟು ಹತ್ತು ಡಿಗ್ರಿ ಕೆಳಗಿಳಿಯುವುದು ಅಲ್ಲಿ ದಿನನಿತ್ಯದ ಮಾತು. ಜುಲೈ ತಿಂಗಳ ಮಧ್ಯಾಹ್ನವಾದರೋ ಬೆಂಗಳೂರಿನ ಡಿಸೆಂಬರ್ ಬೆಳಗಿನಂತೆ ಹಿತವಾಗಿರುತ್ತದೆ.

ಇನ್ನೊಂದು ವಿಶೇಷವುಂಟು. ಸುತ್ತ ನಾಲ್ಕು ಸಾವಿರ ಮೀಟರಿನ ಗೋಡೆ ಇರುವುದರಿಂದ ಮಳೆಮೋಡಗಳು ಆಚೆಯೇ ಬಸಿದುಹೋಗುತ್ತವೆ. ವಾಲೆಯ ಕಣಿವೆಗಳಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಆದ್ದರಿಂದ ಅಲ್ಲಿನ ರೈತರು ಹಿಮನದಿಗಳಿಂದ ಕರಗಿ ಬರುವ ನೀರನ್ನು ಬೆಟ್ಟದ ಪಕ್ಕೆಯಲ್ಲಿ ಕಾಲುವೆ ತೋಡಿ ಹುಲ್ಲುಗಾವಲಿಗೆ ಹಾಯಿಸುವುದನ್ನು ಶತಮಾನಗಳ ಹಿಂದೆಯೇ ಕಲಿತರು. ಕಾಲುವೆಯ ದುರಸ್ತಿ ಎಲ್ಲರ ಪಾಲಿನ ಕೆಲಸ, ನೀರು ಸರದಿಯಂತೆ.

ಹಿಂದಿನ ಕಾಲದ ಎರಡು ಋತುಗಳು

ಪ್ರವಾಸಿಗರು ಬರುವ ಮೊದಲು ಜರ್ಮಾಟ್ ಬಡ ಹಳ್ಳಿ. ಅಲ್ಲಿ ಬೇಸಗೆಯೆಂದರೆ ಚಳಿಗಾಲಕ್ಕೆ ಕೂಡಿಡುವ ಕಾಲ. ಹಿಮ ಕರಗಿದಂತೆ ದನಕರುಗಳನ್ನು ಮೇಲುಮೇಲಿನ ಹುಲ್ಲುಗಾವಲಿಗೆ ಅಟ್ಟಬೇಕು, ಹಾಲನ್ನು ಅಲ್ಲಿಯೇ ಗಿಣ್ಣುಗಡ್ಡೆಯಾಗಿ ಮಾಡಿಡಬೇಕು, ಕೆಳಗಿನ ಗದ್ದೆಯ ಹುಲ್ಲನ್ನು ಕೊಯ್ದು ಒಣಗಿಸಬೇಕು, ಒಂದಿಷ್ಟು ರೈ ಧಾನ್ಯ ಬೆಳೆಯಬೇಕು. ಆ ಕಾಳಿನ ಹಿಟ್ಟಿನಿಂದ ಊರೊಟ್ಟಿನ ಒಲೆಯಲ್ಲಿ ವರ್ಷಕ್ಕೆ ಎರಡು ಮೂರು ಸಲ ಮಾತ್ರ ರೊಟ್ಟಿ ಸುಡುತ್ತಿದ್ದರು. ತಿಂಗಳು ಕಳೆದಂತೆ ಅದು ಕಲ್ಲಿನಂತಾಗುತ್ತಿತ್ತು, ಅದನ್ನೇ ಕತ್ತರಿಸಿ ತಿನ್ನುತ್ತಿದ್ದರು.

ಊರಿನ ಹಳೆಯ ಕೇರಿಯಲ್ಲಿ ಆ ಕಾಲದ ಕಣಜಗಳು ಇಂದಿಗೂ ನಿಂತಿವೆ. ಮರದ ದಿಮ್ಮಿಗಳ ಗೋಡೆ ಬಿಸಿಲಿಗೆ ಸುಟ್ಟು ಕಪ್ಪಾಗಿದೆ. ಕಣಜವನ್ನು ನೆಲಕ್ಕೆ ತಾಗಿಸದೆ ಕುಳ್ಳು ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಪ್ರತಿಯೊಂದು ಕಂಬದ ತಲೆಯ ಮೇಲೂ ಬೀಸುವ ಕಲ್ಲಿನಂಥ ಅಗಲವಾದ ಒಂದು ಚಪ್ಪಟೆ ಕಲ್ಲು. ಕಂಬ ಹತ್ತಿದ ಇಲಿ ಆ ಕಲ್ಲಿನ ಅಂಚನ್ನು ದಾಟಲಾರದು. ನಮ್ಮ ಹಳ್ಳಿಗಳ ಹಗೇವು, ಪಣತಗಳನ್ನು ಕಂಡವರಿಗೆ ಈ ಯುಕ್ತಿಯ ಬೆಲೆ ಒಡನೆಯೇ ತಿಳಿಯುತ್ತದೆ. ಕಾಳು ಉಳಿದರೆ ಚಳಿಗಾಲ ಕಳೆದೀತು.

ಬೇಸಗೆಯ ಅತಿಥಿಗಳು

೧೮೩೦ರ ದಶಕದ ಕೊನೆಗೆ ಊರಿನ ವೈದ್ಯರೊಬ್ಬರು ಕೆಲವೇ ಹಾಸಿಗೆಗಳ ಒಂದು ತಂಗುಮನೆ ತೆರೆದರು. ೧೮೫೦ರ ದಶಕದಲ್ಲಿ ಅದನ್ನು ಅಲೆಕ್ಸಾಂಡರ್ ಸೈಲರ್ ಎಂಬಾತನು ವಹಿಸಿಕೊಂಡು ‘ಮಾಂಟೆ ರೋಸಾ’ ಎಂಬ ಹೋಟೆಲಾಗಿ ಬೆಳೆಸಿದನು. ಬರುತ್ತಿದ್ದವರು ಹೆಚ್ಚಾಗಿ ಇಂಗ್ಲಿಷರು. ಶಿಖರ ಹತ್ತುವ ಹುಚ್ಚಿನವರು. ೧೮೬೫ರ ಜುಲೈ ೧೪ರಂದು ಎಡ್ವರ್ಡ್ ವಿಂಪರ್ ಮೊದಲಾದ ಏಳು ಮಂದಿ ಮೊತ್ತಮೊದಲಿಗೆ ಮ್ಯಾಟರ್‌ಹಾರ್ನಿನ ನೆತ್ತಿ ಮುಟ್ಟಿದರು. ಇಳಿಯುವಾಗ ಒಬ್ಬನ ಕಾಲು ಜಾರಿತು, ಹಗ್ಗ ಹರಿಯಿತು, ನಾಲ್ವರು ಪ್ರಪಾತಕ್ಕೆ ಬಿದ್ದು ಸತ್ತರು. ಉಳಿದು ಬಂದವರು ವಿಂಪರ್ ಮತ್ತು ಜರ್ಮಾಟಿನ ಮಾರ್ಗದರ್ಶಿಗಳಾದ ಟೌಗ್‌ವಾಲ್ಡರ್ ತಂದೆ ಮಕ್ಕಳು. ತನ್ನ ಜೀವ ಉಳಿಸಿಕೊಳ್ಳಲು ತಂದೆಯೇ ಹಗ್ಗ ಕುಯ್ದನೆಂಬ ಗುಸುಗುಸು ಹಬ್ಬಿತು. ವಿಚಾರಣೆ ನಡೆದು ಅವನು ನಿರ್ದೋಷಿಯೆಂದು ತೀರ್ಮಾನವಾದರೂ ಮಾತು ನಿಲ್ಲಲಿಲ್ಲ. ಆ ತುಂಡು ಹಗ್ಗವು ಈಗಲೂ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾಹಸದ ಕೀರ್ತಿ ಸಾಹೇಬರ ಪಾಲಿಗೆ, ಸಂಶಯ ಕೂಲಿಯಾಳಿನ ಪಾಲಿಗೆ ಎಂಬುದಕ್ಕೆ ಅದೊಂದು ಗುರುತು.

ಈ ದುರಂತದ ಸುದ್ದಿಯೇ ಊರಿಗೆ ಹೆಸರು ತಂದಿತು. ಅತಿಥಿಗಳು ಹೆಚ್ಚಿದರು, ಸೈಲರನ ಹೋಟೆಲುಗಳೂ ಹೆಚ್ಚಿದವು. ಆದರೆ ಸೈಲರನು ಅದೇ ಪ್ರಾಂತದ ಬೇರೊಂದು ಕಣಿವೆಯಿಂದ ಬಂದವನು. ೧೮೭೧ರಲ್ಲಿ ಅವನು ಜರ್ಮಾಟಿನ ಊರೊಕ್ಕಲಾಗಲು ಅರ್ಜಿ ಹಾಕಿದಾಗ ಊರವರು ಒಪ್ಪಲಿಲ್ಲ. ಕಾಡು, ಗೋಮಾಳ, ಹುಲ್ಲುಗಾವಲು ಇವೆಲ್ಲ ಊರೊಕ್ಕಲಿನ ಸಾಮೂಹಿಕ ಆಸ್ತಿ. ಹೊರಗಿನವನಿಗೆ ಹಕ್ಕು ಕೊಟ್ಟರೆ ಎಲ್ಲರ ಪಾಲೂ ಕರಗೀತು ಎಂಬ ಭಯ ಅವರದು. ವ್ಯಾಜ್ಯವು ಪ್ರಾಂತದ ಸರಕಾರದಿಂದ ದೇಶದ ಸರಕಾರದವರೆಗೆ ಹೋಗಿ ೧೮೮೯ರಲ್ಲಿ ಮುಗಿಯಿತು. ಊರಿಗೆ ಅನ್ನದ ದಾರಿ ತೋರಿದವನು ಊರವನೆನ್ನಿಸಿಕೊಳ್ಳಲು ಹದಿನೆಂಟು ವರ್ಷ ಕಾಯಬೇಕಾಯಿತು!

ಇಂದು ಬೇಸಗೆಯಲ್ಲಿ ಹೋದವರು ಏನು ಕಾಣುತ್ತಾರೆ? ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಹುಲ್ಲುಗಾವಲುಗಳಲ್ಲಿ ಹೂ. ಕಾಲುದಾರಿಗಳ ಕವಲಿನಲ್ಲಿ ಹಳದಿ ಬಣ್ಣದ ಕೈಮರಗಳು. ಅವುಗಳ ಮೇಲೆ ದೂರವನ್ನು ಬರೆಯದೆ, ಮುಟ್ಟಲು ಹಿಡಿಯುವ ಹೊತ್ತನ್ನು ಬರೆದಿರುತ್ತಾರೆ. ಬೆಟ್ಟದಲ್ಲಿ ಕಿಲೋಮೀಟರಿನ ಲೆಕ್ಕ ಉಪಯೋಗಕ್ಕೆ ಬಾರದು, ಕಾಲಿನ ಲೆಕ್ಕವೇ ಸರಿ. ನಡೆಯಲಾರದವರಿಗೆ ೧೮೯೮ರಲ್ಲಿ ತೆರೆದ ಗೋರ್ನರ್‌ಗ್ರಾಟ್ ಎಂಬ ವಿದ್ಯುತ್ ರೈಲು ಇದೆ. ಅದು ೩,೦೮೯ ಮೀಟರು ಎತ್ತರದ ದಿಬ್ಬಕ್ಕೆ ಒಯ್ದು ಬಿಡುತ್ತದೆ. ಅಲ್ಲಿಂದ ಸ್ವಿಟ್ಜರ್ಲೆಂಡಿನ ಅತಿ ಎತ್ತರದ ತುದಿಯಾದ ೪,೬೩೪ ಮೀಟರಿನ ಡುಫೂರ್ ಶಿಖರವೂ, ಕೆಳಗೆ ನಾಲಗೆ ಚಾಚಿ ಮಲಗಿದ ಗೋರ್ನರ್ ಹಿಮನದಿಯೂ ಕಾಣುತ್ತವೆ. ಬೇಸಗೆಯ ಕೆಲವು ವಾರ ಆಡಿನ ಹಿಂಡನ್ನು ಪೇಟೆಬೀದಿಯಲ್ಲಿ ಹೊಡೆದುಕೊಂಡು ಹೋಗುವ ವಾಡಿಕೆಯೂ ಉಂಟು. ಗಡಿಯಾರದಂಗಡಿಗಳ ಮುಂದೆ ಗಂಟೆಯ ಸದ್ದಿನೊಂದಿಗೆ ಹಳೆಯ ಹಳ್ಳಿ ಹಾದುಹೋಗುತ್ತದೆ.

ಚಳಿಗಾಲ ಹೇಗೆ ಸುಗ್ಗಿಯಾಯಿತು?

ಮೊದಲ ಎಪ್ಪತ್ತು ಎಂಬತ್ತು ವರ್ಷ ಜರ್ಮಾಟಿನ ಪ್ರವಾಸವೆಂದರೆ ಬೇಸಗೆಯದು ಮಾತ್ರ. ಸೆಪ್ಟೆಂಬರ್ ಕಳೆದರೆ ಹೋಟೆಲುಗಳಿಗೆ ಬೀಗ, ರೈಲಿಗೆ ರಜೆ. ನಾರ್ವೆ ದೇಶದಲ್ಲಿ ಓಡಾಟಕ್ಕಾಗಿ ಬಳಸುತ್ತಿದ್ದ ಸ್ಕೀ ಹಲಗೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆಲ್ಪ್ಸ್ ಬೆಟ್ಟಗಳಿಗೆ ಬಂದು, ಇಳಿಜಾರಿನ ಆಟವಾದವು. ೧೯೨೭-೨೮ರ ಚಳಿಗಾಲದಲ್ಲಿ ಸೈಲರ್ ಮನೆತನದವರು ಜರ್ಮಾಟಿನ ತಮ್ಮ ಒಂದು ಹೋಟೆಲನ್ನು ತೆರೆದಿಟ್ಟರು. ಆಗ ರೈಲು ಕಣಿವೆಯ ನಡುದಾರಿಯವರೆಗೆ ಮಾತ್ರ. ಅಲ್ಲಿಂದ ಅತಿಥಿಗಳು ಕುದುರೆ ಎಳೆಯುವ ಜಾರುಬಂಡಿಗಳಲ್ಲಿ ಬಂದರು. ೧೯೩೦ರ ದಶಕದಲ್ಲಿ ರೈಲು ವರ್ಷವಿಡೀ ಓಡತೊಡಗಿತು. ಹಸಿವಿನ ಕಾಲವಾಗಿದ್ದ ಚಳಿಗಾಲ ಹೀಗೆ ಸುಗ್ಗಿಯ ಕಾಲವಾಯಿತು. ೧೯೭೯ರಲ್ಲಿ ೩,೮೮೩ ಮೀಟರು ಎತ್ತರದ ‘ಚಿಕ್ಕ ಮ್ಯಾಟರ್‌ಹಾರ್ನ್’ ಶಿಖರಕ್ಕೆ ತಂತಿತೊಟ್ಟಿಲು ಕಟ್ಟಿದ ಮೇಲೆ ಬೇಸಗೆಯಲ್ಲೂ ಹಿಮನದಿಯ ಮೇಲೆ ಸ್ಕೀ ಆಡುವುದು ಸುಲಭವಾಯಿತು.

ಡಿಸೆಂಬರಿನಿಂದ ಈಸ್ಟರ್ ಹಬ್ಬದವರೆಗೆ ಹೋದವರಿಗೆ ಬೇರೆಯೇ ಊರು ಕಾಣುತ್ತದೆ. ಮಾಡುಗಳ ಮೇಲೆ ಮೊಳಗಟ್ಟಲೆ ಹಿಮ. ಸದ್ದೆಲ್ಲ ಹತ್ತಿಯಲ್ಲಿ ಸುತ್ತಿಟ್ಟಂತೆ ಅಡಗಿರುತ್ತದೆ. ಬೆಳಗ್ಗೆ ಎಂಟಕ್ಕೆ ಹಲಗೆ ಹೊತ್ತ ಜನರ ಸಾಲು ರೈಲಿನತ್ತ, ತಂತಿತೊಟ್ಟಿಲಿನತ್ತ. ಬಿಸಿಲು ಹಿಮಕ್ಕೆ ತಾಗಿ ಕಣ್ಣು ಕೋರೈಸುವುದರಿಂದ ಕಪ್ಪು ಕನ್ನಡಕವಿಲ್ಲದೆ ನಡೆಯಲಾಗದು.

ಆ ಹಿಮವೇ ಒಮ್ಮೊಮ್ಮೆ ಜವರಾಯ. ಇಳಿಜಾರಿನಲ್ಲಿ ಹಳೆಯ ಪದರದ ಮೇಲೆ ಹೊಸ ಪದರ ಕೂತು, ನಡುವಿನ ಹಿಡಿತ ಸಡಿಲವಾದರೆ ಇಡೀ ಹಾಸು ಒಮ್ಮೆಗೇ ಜಾರುತ್ತದೆ. ಇದೇ ಹಿಮಕುಸಿತ. ಇದಕ್ಕೆ ತಡೆ ಮರಗಳು. ಅದಕ್ಕಾಗಿಯೇ ಸ್ವಿಸ್ ಸರಕಾರವು ೧೮೭೬ರಲ್ಲಿಯೇ ಬೆಟ್ಟದ ಕಾಡು ಉಳಿಸುವ ಕಾನೂನು ಮಾಡಿತು. ಮರ ಬೆಳೆಯದ ಎತ್ತರದಲ್ಲಿ ಉಕ್ಕಿನ ಬೇಲಿಗಳನ್ನು ನೆಡುತ್ತಾರೆ. ಹಾಗಿದ್ದರೂ ೨೦೧೮ರ ಜನವರಿಯಲ್ಲಿ ಹಿಮ ಬಿದ್ದು ರಸ್ತೆಯೂ ರೈಲೂ ಮುಚ್ಚಿ, ಸುಮಾರು ೧೩,೦೦೦ ಪ್ರವಾಸಿಗರು ಜರ್ಮಾಟಿನಲ್ಲಿ ಸಿಕ್ಕಿಬಿದ್ದರು. ಕೆಲವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು.

ಜನದಟ್ಟಣೆಯ ಅಪಾಯ ಬೇರೆ. ೧೯೬೩ರಲ್ಲಿ, ಸ್ಕೀ ಸುಗ್ಗಿಯ ನಟ್ಟನಡುವೆ, ಕುಡಿಯುವ ನೀರಿಗೆ ಹೊಲಸು ಸೇರಿ ಊರಿನಲ್ಲಿ ವಿಷಮಶೀತಜ್ವರ ಹರಡಿತು. ನಾನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು, ಕೆಲವರು ತೀರಿಕೊಂಡರು. ಹೋಟೆಲು ಕಟ್ಟಿದಷ್ಟು ಬೇಗ ಚರಂಡಿ ಕಟ್ಟದಿದ್ದರೆ ಸ್ವಿಟ್ಜರ್ಲೆಂಡಿನಲ್ಲಿಯೂ ಇದೇ ಗತಿ.

ಸುಗ್ಗಿ ಯಾರದು, ದುಡಿಮೆ ಯಾರದು?

ಜರ್ಮಾಟಿನಲ್ಲಿ ನೆಲೆಸಿದವರು ಐದಾರು ಸಾವಿರ ಮಂದಿ. ಸುಗ್ಗಿಯಲ್ಲಿ ಅತಿಥಿಗಳು ಅದರ ಎಷ್ಟೋ ಪಟ್ಟು. ಹಾಸಿಗೆ ಹಾಸುವವರು, ತಟ್ಟೆ ತೊಳೆಯುವವರು, ಗಾರೆ ಕೆಲಸದವರು ಎಲ್ಲಿಂದ ಬರಬೇಕು? ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಸ್ವಿಟ್ಜರ್ಲೆಂಡಿಗೆ ಅವರು ಹೆಚ್ಚಾಗಿ ಇಟಲಿಯಿಂದ ಬಂದರು. ೧೯೩೧ರ ಕಾನೂನಿನ ಆಧಾರದ ಮೇಲೆ ಅವರಿಗೆ ‘ಋತುಗಾರ’ ಪರವಾನಗಿ ಕೊಡುತ್ತಿದ್ದರು. ವರ್ಷದಲ್ಲಿ ಹೆಚ್ಚೆಂದರೆ ಒಂಬತ್ತು ತಿಂಗಳು ಕೆಲಸ. ಆಮೇಲೆ ದೇಶ ಬಿಟ್ಟು ಹೊರಡಬೇಕು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಮಕ್ಕಳನ್ನು ಅಗಲಿ ಇರಲಾರದೆ ಕೆಲವರು ಕದ್ದು ಕರೆತಂದರು. ಅಂಥ ಮಕ್ಕಳು ಶಾಲೆಗೆ ಹೋಗದೆ, ಕಿಟಕಿಯ ಬಳಿ ಸುಳಿಯದೆ, ಗಟ್ಟಿಯಾಗಿ ನಗದೆ ಕೋಣೆಯೊಳಗೇ ಬಚ್ಚಿಟ್ಟುಕೊಂಡು ಬೆಳೆದರು. ಈ ಪರವಾನಗಿ ಪದ್ಧತಿ ಕೊನೆಗೊಂಡದ್ದು ೨೦೦೨ರಲ್ಲಿ, ಯೂರೋಪಿನ ಒಕ್ಕೂಟದೊಂದಿಗೆ ಜನಸಂಚಾರದ ಒಪ್ಪಂದ ಜಾರಿಗೆ ಬಂದಾಗ.

ಮಗ್ಗುಲಿನ ಸಾಸ್ ಕಣಿವೆಯಲ್ಲಿ ನಡೆದುದನ್ನು ಇಲ್ಲಿ ಹೇಳಲೇಬೇಕು. ಮಾಟ್‌ಮಾರ್ಕ್ ಎಂಬಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುತ್ತಿದ್ದರು. ಕೂಲಿಗಳ ಬಿಡಾರ, ಊಟದ ಮನೆ, ಕಮ್ಮಟ ಇವೆಲ್ಲ ಅಲ್ಲಾಲಿನ್ ಹಿಮನದಿಯ ನಾಲಗೆಯ ನೇರ ಕೆಳಗೆ. ೧೯೬೫ರ ಆಗಸ್ಟ್ ೩೦ರ ಸಂಜೆ ಆ ನಾಲಗೆಯ ತುದಿ ಮುರಿದು ಬಿತ್ತು. ೮೮ ಮಂದಿ ಮಂಜುಗಡ್ಡೆಯ ಅಡಿಯಲ್ಲಿ ಸತ್ತರು. ಅವರಲ್ಲಿ ೫೬ ಮಂದಿ ಇಟಲಿಯವರು. ೧೯೭೨ರಲ್ಲಿ ನಡೆದ ಮೊಕದ್ದಮೆಯಲ್ಲಿ ೧೭ ಆರೋಪಿಗಳೂ ಬಿಡುಗಡೆಯಾದರು. ಮೇಲ್ಮನವಿ ಹೋದ ಸಂತ್ರಸ್ತ ಕುಟುಂಬಗಳು ಸೋತು, ಕೋರ್ಟಿನ ಖರ್ಚಿನ ಅರ್ಧ ಪಾಲನ್ನು ತಾವೇ ತೆರಬೇಕೆಂದು ತೀರ್ಪಾಯಿತು. ಬಿಡಾರವನ್ನು ಎಲ್ಲಿ ಹಾಕಬೇಕೆಂದು ಆ ಕೂಲಿಗಳನ್ನು ಯಾರೂ ಕೇಳಿರಲಿಲ್ಲ.

ಇಂದು ಜರ್ಮಾಟಿನ ಹೊರನಾಡಿಗರಲ್ಲಿ ಪೋರ್ಚುಗೀಸರೇ ಹೆಚ್ಚು. ಕಾನೂನು ಸುಧಾರಿಸಿದೆ, ಸಂಸಾರ ಜೊತೆಗಿರಬಹುದು, ಮಕ್ಕಳು ಶಾಲೆಗೆ ಹೋಗಬಹುದು. ಆದರೆ ಊರೊಳಗಿನ ಬಾಡಿಗೆ ಕೈಗೆಟುಕದು. ಆದ್ದರಿಂದ ಬಹುಮಂದಿ ತೇಶ್ ಮತ್ತು ಅದರ ಕೆಳಗಿನ ಹಳ್ಳಿಗಳಲ್ಲಿ ಮನೆಮಾಡಿ ದಿನವೂ ರೈಲಿನಲ್ಲಿ ಬಂದುಹೋಗುತ್ತಾರೆ. ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ಹಿಡಿಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣವಂತರು ರಜೆಗೆಂದು ಕೊಂಡು ಉಳಿದ ದಿನ ಬೀಗ ಹಾಕಿಡುವ ಮನೆಗಳು ಬೆಟ್ಟದೂರುಗಳಲ್ಲಿ ಹೆಚ್ಚಿದವೆಂದು ೨೦೧೨ರಲ್ಲಿ ಸ್ವಿಸ್ ಜನರು ಮತ ಹಾಕಿ, ಒಂದು ಊರಿನ ಮನೆಗಳಲ್ಲಿ ಅಂಥವು ನೂರಕ್ಕೆ ಇಪ್ಪತ್ತನ್ನು ಮೀರಬಾರದೆಂದು ಗೊತ್ತುಮಾಡಿದರು.

ಮೇ ತಿಂಗಳಲ್ಲಿಯೂ ನವೆಂಬರಿನಲ್ಲಿಯೂ ಊರು ಕಣ್ಣು ಮುಚ್ಚುತ್ತದೆ. ಅನೇಕ ಹೋಟೆಲುಗಳು ಬಾಗಿಲು ಹಾಕುತ್ತವೆ. ಅತಿಥಿಗೆ ಅದು ಸೊಬಗಿಲ್ಲದ ಕಾಲ, ಆಳಿಗೆ ಸಂಬಳವಿಲ್ಲದ ಕಾಲ. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರು ಮಳೆಗಾಲಕ್ಕೊಮ್ಮೆ ಊರಿಗೆ ಹೋಗಿಬರುತ್ತಿದ್ದುದನ್ನು ನೆನೆದರೆ, ಋತು ನೋಡಿ ಬದುಕುವುದೆಂದರೇನೆಂದು ಅರ್ಥವಾಗುತ್ತದೆ.

ಈಗ ಬದಲಾಗುತ್ತಿರುವುದು

ಜರ್ಮಾಟಿನ ಎರಡು ಸುಗ್ಗಿಗಳೂ ಮಂಜುಗಡ್ಡೆಯನ್ನು ನಂಬಿವೆ. ಆ ಗಡ್ಡೆ ಕರಗುತ್ತಿದೆ. ಸ್ವಿಟ್ಜರ್ಲೆಂಡಿನ ಹಿಮನದಿಗಳು ೨೦೨೨ರ ಒಂದೇ ವರ್ಷದಲ್ಲಿ ತಮ್ಮ ಗಾತ್ರದ ನೂರಕ್ಕೆ ಆರು ಪಾಲನ್ನೂ ೨೦೨೩ರಲ್ಲಿ ಇನ್ನೂ ನಾಲ್ಕು ಪಾಲನ್ನೂ ಕಳೆದುಕೊಂಡವು. ೨೦೨೨ರ ಜುಲೈ ಕೊನೆಗೆ ಜರ್ಮಾಟಿನ ಬೇಸಗೆ ಸ್ಕೀಯನ್ನೇ ನಿಲ್ಲಿಸಬೇಕಾಯಿತು. ಎತ್ತರದ ಬಂಡೆಗಳ ಬಿರುಕಿನಲ್ಲಿ ಸದಾ ಹೆಪ್ಪುಗಟ್ಟಿರುವ ನೀರು ಗಾರೆಯಂತೆ ಅವನ್ನು ಹಿಡಿದಿಟ್ಟಿರುತ್ತದೆ. ಬಿಸಿ ಹೆಚ್ಚಿದರೆ ಗಾರೆ ಬಿಡುತ್ತದೆ. ಬಹಳ ಸೆಕೆಯಾಗಿದ್ದ ೨೦೦೩ರ ಬೇಸಗೆಯಲ್ಲಿ ಮ್ಯಾಟರ್‌ಹಾರ್ನಿನ ಬಂಡೆ ಕುಸಿದು, ಹತ್ತಾರು ಆರೋಹಿಗಳನ್ನು ಹೆಲಿಕಾಪ್ಟರಿನಿಂದ ಇಳಿಸಬೇಕಾಯಿತು. ೨೦೨೪ರ ಜೂನ್ ತಿಂಗಳಲ್ಲಿ ಹೊಳೆ ಉಕ್ಕಿ ರೈಲುದಾರಿ ಕಡಿದುಹೋಯಿತು. ಅದೇ ಪ್ರಾಂತದ ಬ್ಲಾಟೆನ್ ಎಂಬ ಹಳ್ಳಿಯನ್ನು ೨೦೨೫ರ ಮೇ ೨೮ರಂದು ಬಿರ್ಶ್ ಹಿಮನದಿಯು ಬಂಡೆಗಳೊಡನೆ ಕುಸಿದು ಮುಚ್ಚಿಹಾಕಿತು.

ಮಾಟ್‌ಮಾರ್ಕಿಗೂ ಬ್ಲಾಟೆನ್ನಿಗೂ ಇರುವ ಒಂದು ಅಂತರವನ್ನು ಮಾತ್ರ ಗಮನಿಸಬೇಕು. ಬ್ಲಾಟೆನ್ನಿನ ಬೆಟ್ಟ ಅಲುಗುವುದನ್ನು ಪಂಡಿತರು ಅಳೆಯುತ್ತಿದ್ದರು. ಒಂಬತ್ತು ದಿನ ಮೊದಲೇ ಸುಮಾರು ೩೦೦ ಮಂದಿ ಊರವರನ್ನು ದನಕರುಗಳೊಂದಿಗೆ ತೆರವು ಮಾಡಿಸಿದ್ದರು. ಊರು ಹೋಯಿತು, ಜನ ಬಹುತೇಕ ಉಳಿದರು; ಬಲಿಯಾದವನು ಒಬ್ಬನೇ. ಮಾಟ್‌ಮಾರ್ಕಿನ ಕೂಲಿಗಳಿಗೆ ಅಂಥ ಕಾವಲು ಇರಲಿಲ್ಲ. ಬೆಟ್ಟದ ಸ್ವಭಾವವನ್ನು ಮನುಷ್ಯ ಬದಲಿಸಲಾರ. ಅದರ ಕೆಳಗೆ ಮಲಗುವವನು ಯಾರೇ ಆಗಿರಲಿ, ಅವನನ್ನು ಎಬ್ಬಿಸಿ ಎಚ್ಚರಿಸುವುದು ಮನುಷ್ಯನ ಕೈಯಲ್ಲಿದೆ.

ಮುಂದಿನ ಸಲ ಕ್ಯಾಲೆಂಡರಿನಲ್ಲಿ ಆ ಒಂಟಿ ಶಿಖರ ಕಂಡಾಗ ವಾಚಕರು ಅದರ ಬುಡವನ್ನೂ ಒಮ್ಮೆ ನೋಡಬೇಕು. ಚಿತ್ರದಲ್ಲಿ ದೀಪ ಹೊತ್ತಿರುವ ಪ್ರತಿಯೊಂದು ಕಿಟಕಿಯ ಹಿಂದೆಯೂ ಆ ಹೊತ್ತಿನಲ್ಲಿ ಯಾರೋ ಒಬ್ಬರು ಪಾಳಿಯ ಮೇಲಿರುತ್ತಾರೆ.